ಈಶ್ವರ ಆಚೆ, ನಂದಿ ಈಚೆ

ಶಾಲೆಯಲ್ಲಿ ಪ್ರವಾಸದ ಹೊಣೆ ಯಾವಾಗಲೂ ಕನ್ನಡ ಕಲಿಸುವವರ ತಲೆಗೇ ಬರುತ್ತದೆ. ಗಣಿತದವರಿಗೆ ಪಾಠ ಮುಗಿದಿರುವುದಿಲ್ಲ, ವಿಜ್ಞಾನದವರಿಗೆ ಪ್ರಯೋಗ ಉಳಿದಿರುತ್ತವೆ, ಕನ್ನಡದವರಿಗೆ ಮಾತ್ರ ಏನೂ ಕೆಲಸವಿಲ್ಲವೆಂದು ಇಡೀ ಸ್ಟಾಫ್ ರೂಮು ನಂಬಿದೆ. ಕಳೆದ ದೀಪಾವಳಿ ರಜೆ ಮುಗಿದು ಶಾಲೆ ತೆರೆದ ವಾರವೇ ನಮ್ಮ ಹೆಡ್‌ಮಾಸ್ತರರು ಬಣ್ಣಬಣ್ಣದ ಕರಪತ್ರವೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟರು. ‘ಅಕ್ಕೋರ, ಬೆಳಗಾವ್ಯಾಗ ಪ್ರವಾಸದ ಪ್ರದರ್ಶನ ಹಾಕ್ಯಾರಂತ್ರಿ. ಆಚೆ ಕಡೆ ಊರಿನ ಟೂರ್ ಎಲ್ಲಾ ಕಡಿಮಿ ರೇಟಿಗೆ ಕೊಡ್ತಾರಂತ. ಹೋಗಿ ನಾಕು ಕೊಟೇಶನ್ ತಗೊಂಡು ಬರ್ರಿ’ ಎಂದರು.

‘ಆಚೆ ಕಡೆ’ ಎಂಬ ಮಾತನ್ನು ನಮ್ಮ ಹುಕ್ಕೇರಿ ತಾಲೂಕಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಸಂಕೇಶ್ವರದಿಂದ ಒಂದು ದಾರಿ ಹಿಡಿದರೆ ಗಡಹಿಂಗ್ಲಜ, ಇನ್ನೊಂದು ದಾರಿ ಹಿಡಿದು ನಿಪ್ಪಾಣಿ ದಾಟಿದರೆ ಕಾಗಲ. ಎರಡೂ ಮಹಾರಾಷ್ಟ್ರ. ನನ್ನ ತಂಗಿಯನ್ನು ಕೊಟ್ಟದ್ದು ಕಾಗಲಕ್ಕೆ. ಹೀಗಾಗಿ ನನಗೆ ಆಚೆ ಕಡೆ ಎಂದರೆ ತಂಗಿಯ ಮನೆ. ಅದನ್ನೂ ಈಗ ಅಂಗಡಿಯಲ್ಲಿಟ್ಟು ಮಾರುತ್ತಾರೆಯೇ, ನೋಡಿಯೇ ಬರೋಣವೆಂದು ರವಿವಾರ ಬೆಳಿಗ್ಗೆ ಬೆಲ್ಲದ ಬಾಗೇವಾಡಿಯಲ್ಲಿ ಬಸ್ಸು ಹತ್ತಿದೆ.

ಪ್ರದರ್ಶನ ಇದ್ದದ್ದು ಒಂದು ಮಂಗಲ ಕಾರ್ಯಾಲಯದಲ್ಲಿ. ಹಿಂದಿನ ದಿನದ ಮದುವೆಯ ಹೂವಿನ ಕಮಾನನ್ನು ಹಾಗೆಯೇ ಉಳಿಸಿಕೊಂಡು ಅದರ ಕೆಳಗೆ ಪ್ರವಾಸಿ ಕಂಪನಿಗಳ ಫಲಕ ತೂಗುಹಾಕಿದ್ದರು. ಬಾಗಿಲಲ್ಲಿ ಗುಲಾಬಿ ನೀರು ಚಿಮುಕಿಸುವ ಹುಡುಗಿಯೊಬ್ಬಳು, ಅಕ್ಷತೆಯ ಬದಲು ಕೂಪನ್ನು ಕೊಡುವ ಹುಡುಗನೊಬ್ಬ. ಒಳಗೆ ಮೂವತ್ತಕ್ಕೆ ಕಡಿಮೆಯಿಲ್ಲದ ಮಳಿಗೆಗಳು. ಗೋವೆಯ ಸಮುದ್ರ, ಮಾಲವಣದ ದೋಣಿ, ಅಂಬೋಲಿಯ ಮಂಜು, ಮಹಾಬಳೇಶ್ವರದ ಸ್ಟ್ರಾಬೆರಿ, ಕೊಲ್ಲಾಪುರದ ಮಹಾಲಕ್ಷ್ಮಿ, ಕಾಸ್ ಪಠಾರದ ಹೂವು. ಒಂದು ಮೂಲೆಯಲ್ಲಿ ಥರ್ಮಾಕೋಲಿನಲ್ಲಿ ಕೋಟೆ ಕಟ್ಟಿದ್ದರು. ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಲು ಮನೆಮಂದಿಯೆಲ್ಲ ಸರತಿ ಹಚ್ಚಿದ್ದರು.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. 27 ವರ್ಷ ಉತ್ತರಪತ್ರಿಕೆ ತಿದ್ದಿದ ಕೈಗೆ ಕೆಂಪು ಶಾಯಿ ಬೇಗ ಸಿಗುತ್ತದೆ, ಆದರೂ ಕೊಡಬೇಕಾದ ಅಂಕ ಕೊಡಲೇಬೇಕು. ವಯಸ್ಸಾದವರಿಗೆ ಮೆಟ್ಟಿಲು ಎಷ್ಟು ಹತ್ತಬೇಕು, ಹೆಂಗಸರಿಗೆ ಶೌಚಾಲಯ ಎಲ್ಲೆಲ್ಲಿ ಸಿಗುತ್ತದೆ ಎಂದು ಒಂದು ಮಳಿಗೆಯವರು ಪಟ್ಟಿ ಮಾಡಿಟ್ಟಿದ್ದರು. ಮಕ್ಕಳನ್ನು ಕಟ್ಟಿಕೊಂಡು ಊರೂರು ತಿರುಗಿದ ಯಾವ ಶಿಕ್ಷಕಿಯೂ ಅಂಥ ಪಟ್ಟಿಗೆ ಕೈಮುಗಿಯುತ್ತಾಳೆ. ಕೊಂಕಣದ ಹೆಣ್ಣುಮಗಳೊಬ್ಬಳು ತಾನೇ ಮಾಡಿದ ಕೋಕಂ ಸಾರು ಕುಡಿಸಿ, ಮಳೆಗಾಲದಲ್ಲಿ ತಮ್ಮೂರಿಗೆ ಬರಬೇಡಿರೆಂದೂ ಸಮುದ್ರ ಸಿಟ್ಟಿನಲ್ಲಿರುತ್ತದೆಂದೂ ಹೇಳಿದಳು. ಇಡೀ ಪ್ರದರ್ಶನದಲ್ಲಿ ‘ಬರಬೇಡಿ’ ಎಂದವಳು ಅವಳೊಬ್ಬಳೇ. ಅವಳ ಮಾತನ್ನು ನಾನು ಪೂರ್ತಿ ನಂಬಿದೆ.

ಉಳಿದ ಮಳಿಗೆಗಳಲ್ಲಿ ಸಿಕ್ಕ ಕರಪತ್ರಗಳನ್ನೆಲ್ಲ ಚೀಲದಲ್ಲಿ ತುಂಬಿಕೊಂಡು ಬಂದು ರಾತ್ರಿ ಕುಳಿತು ಓದಿದೆ. ಮಕ್ಕಳ ನಿಬಂಧ ಓದಿದ ಹಾಗೇ ಆಯಿತು. ಎಲ್ಲ ಊರೂ ‘ರಮಣೀಯ’, ಎಲ್ಲ ಬೆಟ್ಟವೂ ‘ಮೈನವಿರೇಳಿಸುವ’ ಬೆಟ್ಟ, ಎಲ್ಲ ಗುಡಿಯೂ ‘ಪುರಾತನ’. ಒಂದು ಊರಿನ ಹೆಸರು ತೆಗೆದು ಇನ್ನೊಂದರದು ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ. ನಮ್ಮ ಏಳನೆಯ ಇಯತ್ತೆಯ ಹುಡುಗರು ‘ನನ್ನ ಮೆಚ್ಚಿನ ಹಬ್ಬ’ ಬರೆಯುವಾಗ ಮಾಡುವ ತಪ್ಪೂ ಇದೇ. ದೀಪಾವಳಿಯನ್ನು ಅಳಿಸಿ ಯುಗಾದಿ ಎಂದು ಬರೆದರೂ ನಿಬಂಧ ಅದೇ ಇರುತ್ತದೆ. ಅಂಥ ನಿಬಂಧದ ಕೆಳಗೆ ನಾನು ‘ನೀನು ಕಂಡದ್ದನ್ನು ಬರಿ’ ಎಂದು ಬರೆಯುತ್ತೇನೆ.

ಆ ಕರಪತ್ರಗಳಲ್ಲಿ ಜನರೂ ಇರಲಿಲ್ಲ. ಕೋಟೆ ಇದೆ, ಕೋಟೆಯ ಬುಡದ ಊರಿಲ್ಲ. ಊಟದ ಚಿತ್ರವಿದೆ, ಉಣಬಡಿಸುವ ಕೈಯಿಲ್ಲ. ಆಚೆಯವರು ಯಾರು, ಯಾವ ಮಾತು ಆಡುತ್ತಾರೆ, ನಮಗೂ ಅವರಿಗೂ ಏನು ಸಂಬಂಧ ಎಂಬ ಒಂದು ವಾಕ್ಯವೂ ಇಲ್ಲ. ನಾವು ಚಂದ್ರಲೋಕಕ್ಕೆ ಹೊರಟವರೆಂದು ಬರೆದವರು ತಿಳಿದ ಹಾಗಿತ್ತು. ಬೆಳಗಾವಿಯಲ್ಲಿ ನಿಂತು ಕೊಲ್ಲಾಪುರವನ್ನು ‘ಅಪರಿಚಿತ ಲೋಕ’ ಎಂದು ಕರೆದಿದ್ದ ಕರಪತ್ರವನ್ನು ಓದಿದಾಗ ನಗು ಬಂತು. ನಮ್ಮ ಅವ್ವನ ಕಾಲಿಗೆ ಆ ಊರಿನ ಚಪ್ಪಲಿ, ನಮ್ಮ ಮನೆಯ ಚಹಾಕ್ಕೆ ಆ ಊರಿನ ಬೆಲ್ಲ, ಬೆಲ್ಲದ ಬಾಗೇವಾಡಿಯವಳಾದ ನಾನು ಇದನ್ನು ಒಪ್ಪಿಕೊಳ್ಳುವುದು ಸ್ವಲ್ಪ ಕಷ್ಟವೇ.

ಒಂದು ಕರಪತ್ರದಲ್ಲಿ ಖಿದ್ರಾಪುರದ ಕೋಪೇಶ್ವರ ಗುಡಿಯ ಚಿತ್ರವಿತ್ತು. ಖಿದ್ರಾಪುರ ಕೊಲ್ಲಾಪುರ ಜಿಲ್ಲೆಯ ಶಿರೋಳ ತಾಲೂಕಿನಲ್ಲಿ, ಕೃಷ್ಣೆಯ ದಂಡೆಯಲ್ಲಿ, ನಮ್ಮ ಜಿಲ್ಲೆಯ ಅಂಚಿಗೇ ಇದೆ. ಅಲ್ಲಿಯ ಸ್ವರ್ಗಮಂಟಪ ನೋಡುವಂಥದು. 48 ಕಂಬಗಳು, ಚಾವಣಿಯ ನಡುವೆ ಆಕಾಶಕ್ಕೆ ತೆರೆದ ದುಂಡನೆಯ ಕಿಂಡಿ. ಕರಪತ್ರ ಇಷ್ಟನ್ನು ಹೇಳಿ ‘ಸೆಲ್ಫಿಗೆ ಹೇಳಿ ಮಾಡಿಸಿದ ತಾಣ’ ಎಂದು ಮುಗಿಸಿತ್ತು. ಆ ಗುಡಿಯಲ್ಲಿ ಹತ್ತು ಹನ್ನೆರಡು ಶಾಸನಗಳಿವೆ, ಯಾದವ ಸಿಂಘಣನ ಸಂಸ್ಕೃತ ಶಾಸನವೊಂದನ್ನು ಬಿಟ್ಟರೆ ಉಳಿದವು ಕನ್ನಡದವು ಎಂದು ಹೇಳಿರಲಿಲ್ಲ. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯನ್ನೂ ಹೇಳಿರಲಿಲ್ಲ. ಅದು ಈಶ್ವರನ ಗುಡಿ, ಆದರೆ ಒಳಗೆ ನಂದಿಯಿಲ್ಲ. ಆ ನಂದಿ ಸುಮಾರು 12 ಕಿಲೋಮೀಟರಿನಾಚೆ, ಚಿಕ್ಕೋಡಿ ತಾಲೂಕಿನ ಯಡೂರಿನಲ್ಲಿದ್ದಾನೆ ಎನ್ನುತ್ತಾರೆ. ದಕ್ಷಯಜ್ಞಕ್ಕೆ ಹೊರಟ ಸತಿಯ ಸಂಗಡ ನಂದಿಯೂ ಹೋದ, ಹಿಂದೆ ಉಳಿದ ಈಶ್ವರ ಕೋಪೇಶ್ವರನಾದ ಎಂಬುದು ಜನರ ಕಥೆ. 1956ರಲ್ಲಿ ರಾಜ್ಯಗಳ ಗಡಿ ಗುರುತಿಸಿದಾಗ ಈಶ್ವರ ಅಂದಿನ ಮುಂಬಯಿ ರಾಜ್ಯದ ಪಾಲಿಗೆ ಬಂದ, ನಂದಿ ಅಂದಿನ ಮೈಸೂರು ರಾಜ್ಯಕ್ಕೆ ಬಂದ. ಗಡಿಯಾಚೆಯ ಪ್ರವಾಸ ಮಾರುವವರಿಗೆ ಇದಕ್ಕಿಂತ ಚಂದದ ಕಥೆ ಬೇಕೇ? ಒಂದೇ ದಿನದಲ್ಲಿ ಎರಡನ್ನೂ ನೋಡಬಹುದು. ಅವರಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಈಚೆಯ ಊರು ತಮ್ಮ ಪ್ಯಾಕೇಜಿಗೆ ಸೇರುವುದಿಲ್ಲವೆಂದು ಬಿಟ್ಟರೋ, ಅಂತೂ ಯಡೂರಿನ ಹೆಸರು ಬರಲಿಲ್ಲ.

ಪನ್ಹಾಳೆಯ ವಿಷಯದಲ್ಲೂ ಹೀಗೆಯೇ. 2025ರ ಜುಲೈಯಲ್ಲಿ ಯುನೆಸ್ಕೋ ಮರಾಠರ 12 ಕೋಟೆಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಪನ್ಹಾಳೆ ಅದರಲ್ಲೊಂದು. ಶಿವಾಜಿ ಮಹಾರಾಜರ ಹೆಸರು ದೊಡ್ಡದಾಗಿ ಬಂದದ್ದು ಸರಿಯೇ. ಆದರೆ ಆ ಕೋಟೆಯನ್ನು ಮೊದಲು ಕಟ್ಟಿಸಿದವನೆಂದು ಹೇಳಲಾಗುವ ಶಿಲಾಹಾರ ಭೋಜನ ಹೆಸರಿಗೆ ಒಂದು ಸಾಲಾದರೂ ಬೇಡವೇ? ಕೊಲ್ಲಾಪುರದ ಶಿಲಾಹಾರರು ಅನೇಕ ಶಾಸನಗಳನ್ನು ಕನ್ನಡದಲ್ಲಿ ಬರೆಸಿದರು. ಇದನ್ನು ಹೇಳಿದ ಕೂಡಲೇ ‘ಹಾಗಾದರೆ ಕೊಲ್ಲಾಪುರ ನಮ್ಮದು’ ಎಂದು ಯಾರಾದರೂ ಎದ್ದು ನಿಲ್ಲುತ್ತಾರೆಂಬ ಅಂಜಿಕೆ ನನಗೂ ಇದೆ. ನಾನು ಹೇಳುವುದು ಅದಲ್ಲ. 1843ರಲ್ಲಿ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆಯವರು ಕನ್ನಡದ ಭಾಗವತರ ಆಟ ನೋಡಿ ಮರಾಠಿ ನಾಟಕ ಕಟ್ಟಿದರು. ಮುಂದೆ ಮರಾಠಿ ಸಂಗೀತ ನಾಟಕಕ್ಕೆ ರೂಪ ಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ನಮ್ಮ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಆ ನಾಟಕಗಳನ್ನು ನೋಡಿ ನಮ್ಮ ಕನ್ನಡ ಕಂಪನಿಗಳು ಹಾಡು ಕಲಿತವು. ಯಾರೂ ಯಾರ ಊರನ್ನೂ ಕೇಳಲಿಲ್ಲ. ಕೊಟ್ಟು ತಂದ ಲೆಕ್ಕವನ್ನು ಅಳಿಸಿ ಬರೀ ಚಿತ್ರ ತೋರಿಸಿದರೆ ನೆರೆಯ ಊರು ಪರದೇಶವಾಗುತ್ತದೆ ಎಂಬುದಷ್ಟೇ ನನ್ನ ತಕರಾರು.

ಎರಡನೆಯ ತಕರಾರು ಬಸ್ಸಿನದು. ಅಷ್ಟೊಂದು ಮಳಿಗೆಗಳಲ್ಲಿ ಒಂದರಲ್ಲೂ ಬಸ್ಸಿನ ವೇಳಾಪಟ್ಟಿ ಇರಲಿಲ್ಲ. ಎಲ್ಲರೂ ಕಾರಿನವರು, ಎಲ್ಲರೂ ಎರಡು ರಾತ್ರಿ ಮೂರು ಹಗಲಿನವರು. ಈ ಸೀಮೆಯಲ್ಲಿ ಗಡಿ ದಾಟುವವರು ಯಾರೆಂದು ಅವರು ಒಮ್ಮೆ ಸಂಕೇಶ್ವರದ ಬಸ್‌ಸ್ಟ್ಯಾಂಡಿನಲ್ಲಿ ನಿಂತು ನೋಡಬೇಕಿತ್ತು. ಚೈತ್ರದಲ್ಲಿ ಜೋತಿಬಾನ ಗುಡ್ಡಕ್ಕೆ ಹೊರಟವರು, ಆಷಾಢದಲ್ಲಿ ತುಳಸಿ ಹೊತ್ತು ಪಂಢರಪುರಕ್ಕೆ ಹೊರಟವರು. ಆಚೆಯಿಂದ ಈಚೆಗೆ ಬರುವವರು ಅದಕ್ಕಿಂತ ಹೆಚ್ಚು. ಸವದತ್ತಿ ಎಲ್ಲಮ್ಮನ ಹುಣ್ಣಿಮೆಗೆ, ರಾಯಬಾಗ ತಾಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಗೆ ಬರುವ ಮಂದಿಯಲ್ಲಿ ಮರಾಠಿ ಮಾತಾಡುವವರೇ ಕಣ್ಣಿಗೆ ಹೆಚ್ಚು ಬೀಳುತ್ತಾರೆ. ಇವರಾರೂ ತಮ್ಮನ್ನು ಪ್ರವಾಸಿಗರೆಂದು ಕರೆದುಕೊಂಡಿಲ್ಲ. ಇವರಿಗೆ ಯಾರೂ ಕೂಪನ್ನು ಕೊಟ್ಟಿಲ್ಲ.

ಹೆಂಗಸರ ಲೆಕ್ಕವಂತೂ ಇನ್ನೂ ಸ್ವಾರಸ್ಯದ್ದು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ನಮ್ಮ ಸರಕಾರಿ ಬಸ್ಸಿನಲ್ಲಿ ರಾಜ್ಯದೊಳಗೆ ಹೆಂಗಸರಿಗೆ ಟಿಕೆಟ್ಟಿಲ್ಲ. ಅದೇ ವರ್ಷ ಮಾರ್ಚಿನಿಂದ ಮಹಾರಾಷ್ಟ್ರದ ಎಸ್.ಟಿ. ಬಸ್ಸಿನಲ್ಲಿ ಹೆಂಗಸರಿಗೆ ಅರ್ಧ ಟಿಕೆಟ್ಟಾಯಿತು. ಹೀಗಾಗಿ ನಮ್ಮ ಊರಿನ ಹೆಣ್ಣುಮಕ್ಕಳು ಕೊಲ್ಲಾಪುರಕ್ಕೆ ನೇರ ಬಸ್ಸು ಹತ್ತದೆ ನಿಪ್ಪಾಣಿಯವರೆಗೆ ಪುಕ್ಕಟೆ ಹೋಗಿ, ಅಲ್ಲಿಂದ ಮುಂದೆ ಅವರ ಬಸ್ಸು ಹಿಡಿಯುತ್ತಾರೆ. ಎರಡು ಸರಕಾರಗಳನ್ನೂ ಒಂದೇ ಸೆರಗಿನಲ್ಲಿ ಗಂಟು ಹಾಕಿಕೊಂಡವರು ಇವರೇ. ಇಂಥ ನಾಲ್ಕು ಸಾಲಿನ ಮಾಹಿತಿಯನ್ನು ಅಚ್ಚು ಹಾಕಿಸಿ ಹಂಚಿದ್ದರೆ ಆ ಪ್ರದರ್ಶನ ನಿಜಕ್ಕೂ ಪ್ರವಾಸದ ಪ್ರದರ್ಶನವಾಗುತ್ತಿತ್ತು.

ಬಸ್ಸಿನ ವಿಷಯವನ್ನು ಇಷ್ಟು ಹಟದಿಂದ ಹೇಳಲು ಕಾರಣವಿದೆ. 2025ರ ಫೆಬ್ರುವರಿಯಲ್ಲಿ ನನ್ನ ತಂಗಿಯ ಮಗಳ ಕುಬಸ ಇತ್ತು. ತವರಿನ ಹಸಿರು ಸೀರೆ, ಬಳೆ, ಬುತ್ತಿ ನಾವೇ ಒಯ್ಯಬೇಕು. ಅದೇ ಹೊತ್ತಿಗೆ ಬೆಳಗಾವಿ ಸಮೀಪ ಭಾಷೆಯ ಕಾರಣಕ್ಕೆ ಬಸ್ ಕಂಡಕ್ಟರೊಬ್ಬರ ಮೇಲೆ ಹಲ್ಲೆಯಾಯಿತು, ಅದಕ್ಕೆ ಉತ್ತರವೆಂದು ಚಿತ್ರದುರ್ಗದಲ್ಲಿ ಮಹಾರಾಷ್ಟ್ರದ ಬಸ್ಸಿನವರ ಮೇಲೆ ದಾಳಿಯಾಯಿತು, ಎರಡೂ ಕಡೆಯ ಬಸ್ಸು ನಿಂತವು. ‘ಬ್ಯಾಡಬೇ, ಮುಂದಿನ ವಾರ ಹೋಗೂಣು’ ಎಂದು ಅವ್ವನಿಗೆ ಹೇಳಿ ನೋಡಿದೆ. ‘ಕುಬಸ ಏನು ನಿಮ್ಮ ಪರೀಕ್ಷಾ ಆತೇನು, ಮುಂದ ಹಾಕಾಕ?’ ಎಂದಳು. 81 ವರ್ಷದ ಮುದುಕಿ, ಮೊಮ್ಮಗಳ ಬಸಿರು. ನಾನೇನು ಹೇಳಲಿ?

ನಿಪ್ಪಾಣಿಯವರೆಗೆ ಬಸ್ಸು ಸಿಕ್ಕಿತು. ಮುಂದೆ ಟೆಂಪೋದವನೊಬ್ಬನನ್ನು ಕಾಡಿ ಬೇಡಿ ಕೊಗನೊಳ್ಳಿ ದಾಟಿಸಿದೆವು. ದೂಧಗಂಗೆಯ ಸೇತುವೆಯ ಈಚೆ ಅವನು ಗಾಡಿ ನಿಲ್ಲಿಸಿ, ‘ನಮ್ಮ ನಂಬರ್ ಪ್ಲೇಟ್ ನೋಡಿ ಕಲ್ಲು ಒಗದ್ರ ಯಾರು ಹೊಣಿ, ಅಕ್ಕಾರ? ಇಲ್ಲೇ ಇಳೀರಿ’ ಎಂದ. ಅವನದೂ ತಪ್ಪಿಲ್ಲ. ಸೇತುವೆಯ ಆಚೆ ತಂಗಿಯ ಗಂಡ ಗಾಡಿ ತಂದು ನಿಂತಿದ್ದರು, ಅವರಿಗೂ ಈಚೆ ಬರಲು ಅದೇ ಅಂಜಿಕೆ. ಬುತ್ತಿಯ ಬುಟ್ಟಿ ನನ್ನ ತಲೆಯ ಮೇಲೆ, ಸೀರೆಯ ಗಂಟು ಅವ್ವನ ಬಗಲಲ್ಲಿ. ಸೇತುವೆಯ ನಡುವೆ ಅವ್ವ ನಿಂತು, ರೂಢಿಯಂತೆ ಹೊಳೆಗೆ ಒಂದು ರೂಪಾಯಿ ಒಗೆದು ಕೈಮುಗಿದಳು. ಆಮೇಲೆ ಕೇಳಿದಳು: ‘ಗಡಿ ಎಲ್ಲೈತಿ?’ ‘ಇಲ್ಲೇ ಎಲ್ಲೋ ಇರಬೇಕು’ ಎಂದೆ. ‘ನೀರಾಗ ಗೆರಿ ಹ್ಯಾಂಗ ಹೊಡದಾರ?’ ಎಂದು ಕೇಳಿ ಮತ್ತೆ ನಡೆಯತೊಡಗಿದಳು. ನಾವು ಮುಟ್ಟುವಷ್ಟರಲ್ಲಿ ಮುಹೂರ್ತ ಮೀರಿತ್ತು. ಹುಡುಗಿ ಹಸಿರು ಸೀರೆಗಾಗಿ ಕಾದು ಬಾಡಿಹೋಗಿದ್ದಳು.

ಈ ಕಥೆಯನ್ನು ನಾನು ಪ್ರದರ್ಶನದ ಒಂದು ಮಳಿಗೆಯ ಹುಡುಗನಿಗೆ ಹೇಳಿದೆ. ಕೊರಳಿಗೆ ಟೈ ಕಟ್ಟಿಕೊಂಡು, ಮರಾಠಿ, ಹಿಂದಿ, ಇಂಗ್ಲಿಷು ಮೂರನ್ನೂ ಕಲಸಿ ಮಾತಾಡುತ್ತಿದ್ದ ಚುರುಕು ಹುಡುಗ. ನಾನು ಬಾಗೇವಾಡಿಯವಳೆಂದಾಗ ‘ಬಸವಣ್ಣನವರ ಊರೇ?’ ಎಂದು ಹಿಂದಿಯಲ್ಲಿ ಕೇಳಿದ. ‘ಅಲ್ಲಪ್ಪ, ಅದು ಬಸವನ ಬಾಗೇವಾಡಿ, ವಿಜಯಪುರ ಜಿಲ್ಲಾ’ ಎಂದೆ. ‘ಹಾಗಾದರೆ ಟೋಲ್ ನಾಕಾದ ಬಾಗೇವಾಡಿಯೇ?’ ಎಂದ, ಸ್ವಲ್ಪ ಮೋರೆ ಸಣ್ಣದು ಮಾಡಿ. ಅವನು ಹೇಳಿದ್ದು ಹಿರೇಬಾಗೇವಾಡಿಯನ್ನು. 2022ರ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿದ್ದದ್ದು ಅಲ್ಲಿ. ಕಲ್ಲು ಒಗೆಯುವವರು ಎರಡೂ ದಂಡೆಯಲ್ಲಿದ್ದಾರೆಂಬುದನ್ನು ನಾನು ಮರೆಯಬಾರದು. ‘ನಮ್ಮದು ಬೆಲ್ಲದ್ದು’ ಎಂದೆ. ಅವನು ನಕ್ಕ.

‘ಬಸ್ಸು ನಿಂತಾಗ, ಬಂದ್ ಆದಾಗ, ನಿಮ್ಮ ಪ್ಯಾಕೇಜಿನವರಿಗೆ ಏನು ಮಾಡುತ್ತೀರಿ?’ ಎಂದು ಕೇಳಿದೆ. ತಾರೀಖು ಬದಲಿಸಿ ಕೊಡುತ್ತೇವೆ, ಹಣ ಮರಳಿಸುವುದಿಲ್ಲ ಎಂದ. ಗಡಿಯ ಬಗ್ಗೆ ಇಡೀ ಪ್ರದರ್ಶನದಲ್ಲಿ ನನಗೆ ಸಿಕ್ಕ ನಿಜವಾದ ಮಾಹಿತಿ ಅದೊಂದೇ. ಅಷ್ಟರಲ್ಲಿ ಅವನ ಫೋನು ಬಂತು. ಅವನು ಪಕ್ಕಕ್ಕೆ ತಿರುಗಿ, ‘ಉಂಡಿಯೇನ ಆಯಿ? ಗುಳಗಿ ತಗೊಂಡಿ?’ ಎಂದು ನಮ್ಮ ಮನೆಯ ಕನ್ನಡದಲ್ಲೇ ಕೇಳತೊಡಗಿದ. ಫೋನು ಇಟ್ಟ ಮೇಲೆ ಅವನಿಗೂ ನಾಚಿಕೆ, ನನಗೂ ನಗು. ಗಡಹಿಂಗ್ಲಜ ತಾಲೂಕಿನ ಹಳ್ಳಿಯವನಂತೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ‘ಮೊದಲ ಹೇಳೂದಲ್ಲೇನೋ ತಮ್ಮಾ?’ ಎಂದೆ. ‘ಇಲ್ಲೆ ಎಲ್ಲಾರ ಕೂಡ ಹಂಗ ಮಾತಾಡಬ್ಯಾಡ ಅಂತಾರ್ರಿ, ಅಕ್ಕೋರ’ ಎಂದ.

ನಾನು ಅವನ ಕರಪತ್ರ ತಿರುವಿ, ‘ಇದರಾಗ ನಿಮ್ಮೂರು ಎಲ್ಲೈತಿ?’ ಎಂದೆ.

‘ನಮ್ಮೂರಾಗ ನೋಡಾಕ ಏನೈತ್ರಿ?’

ಆ ಮಾತು ನನ್ನನ್ನು ಬಿಡಲಿಲ್ಲ. ಏಕೆಂದರೆ ಅದು ನನ್ನದೇ ಮಾತು. ಬೆಂಗಳೂರಿನಿಂದ ಬಂದ ನೆಂಟರು ‘ನಿಮ್ಮ ಕಡೆ ನೋಡುವಂಥದು ಏನಿದೆ?’ ಎಂದಾಗ ನಾನೂ ‘ಏನೂ ಇಲ್ರಿ, ಕಬ್ಬು ಬಿಟ್ಟರ’ ಎಂದು ಎಷ್ಟು ಸಲ ಹೇಳಿದ್ದೇನೆ! ಗೋಕಾಕದಲ್ಲಿ ಘಟಪ್ರಭೆ 52 ಮೀಟರು ಧುಮುಕುತ್ತಾಳೆ. ಹಿಡಕಲ್ ಜಲಾಶಯದಲ್ಲಿ ಮುಳುಗಿದ ಹುನ್ನೂರಿನ ವಿಠ್ಠಲನ ಗುಡಿ ಬೇಸಿಗೆಯಲ್ಲಿ ನೀರಿಳಿದಾಗ ಮೇಲೆ ಕಾಣಿಸಿಕೊಳ್ಳುತ್ತದೆ. ಆ ಘಟಪ್ರಭೆಯೂ ಆಚೆಯ ಘಟ್ಟದಿಂದ ಬಂದವಳು, ಸಂಕೇಶ್ವರದ ಹಿರಣ್ಯಕೇಶಿಯೂ ಅಂಬೋಲಿಯಲ್ಲಿ ಹುಟ್ಟಿ ಬಂದವಳು. ಪ್ರದರ್ಶನದಲ್ಲಿ ಅಂಬೋಲಿಯ ಮಂಜಿನ ಚಿತ್ರದ ಮುಂದೆ ನಿಂತಾಗ, ನಮ್ಮ ಸೀಮೆಯ ಹೊಳೆಯ ನೀರು ಹುಟ್ಟುವ ಗುಡ್ಡ ಇದೇ ಎಂದು ಹೇಳುವವರು ಯಾರೂ ಇರಲಿಲ್ಲ. ಹಾಗೆ ಹೇಳಬೇಕಾದವಳು ನಾನು, 27 ವರ್ಷದಿಂದ ಮಕ್ಕಳಿಗೆ ಹೇಳಿಲ್ಲ. ಮಳಿಗೆಯವರನ್ನಷ್ಟೇ ಬಯ್ದು ಏನು ಉಪಯೋಗ?

ಸೋಮವಾರ ಹೆಡ್‌ಮಾಸ್ತರರ ಮುಂದೆ ನಾಲ್ಕು ಕೊಟೇಶನ್ ಇಟ್ಟೆ. ಅವುಗಳ ಕೆಳಗೆ ನನ್ನದೂ ಒಂದು ಹಾಳೆ ಇಟ್ಟೆ: ಬೆಳಿಗ್ಗೆ ಆರಕ್ಕೆ ಬಿಡುವುದು, ಯಡೂರಿನಲ್ಲಿ ನಂದಿ, ವೀರಭದ್ರನ ಗುಡಿಯಲ್ಲಿ ಪ್ರಸಾದ, ಮಧ್ಯಾಹ್ನ ಖಿದ್ರಾಪುರದಲ್ಲಿ ಈಶ್ವರ, ಕಲ್ಲಿನ ಮೇಲಿನ ಕನ್ನಡ ಅಕ್ಷರ ಗುರುತಿಸುವುದು, ಅಲ್ಲಿಯ ಮರಾಠಿ ಶಾಲೆಯ ಮಕ್ಕಳ ಸಂಗಡ ಒಂದು ತಾಸು ಆಟ, ಸಂಜೆ ಕತ್ತಲೆಯಾಗುವ ಮುಂಚೆ ಮನೆ. ಅವರು ಎರಡು ಸಲ ಓದಿದರು. ‘ಚಲೋ ಐತ್ರಿ. ಆದ್ರ ನಮ್ಮ ಬಸ್ಸು ಆಚೆ ಹೋಗೂದಂದ್ರ ಪಾಲಕರು ಒಪ್ಪಬೇಕಲ್ರಿ’ ಎಂದರು. ವಿಜಯಪುರದ ಗೋಲಗುಮ್ಮಟವಾದರೆ ಯಾರೂ ಏನೂ ಕೇಳುವುದಿಲ್ಲ ಎಂದೂ ಸೇರಿಸಿದರು. ಗೋಲಗುಮ್ಮಟಕ್ಕೆ ನಾನೇ ಒಂಬತ್ತು ಸಲ ಮಕ್ಕಳನ್ನು ಒಯ್ದಿದ್ದೇನೆ.

ಒಪ್ಪಿಗೆ ಪತ್ರ ಕಳಿಸಿದೆವು. ಒಬ್ಬ ತಂದೆ ಪತ್ರದ ಹಿಂದೆ ‘ಏನಾದರೂ ಆದರೆ ನೀವು ಜವಾಬ್ದಾರರೇ?’ ಎಂದು ಬರೆದು ಕಳಿಸಿದ್ದಾರೆ. ಅವರ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿಲ್ಲ. ಒಬ್ಬ ಹುಡುಗಿ ಮಾತ್ರ ತರಗತಿಯಲ್ಲಿ ಎದ್ದು ನಿಂತು, ‘ಅಕ್ಕೋರ, ಅಲ್ಲೇ ಕುರುಂದವಾಡದಾಗ ನಮ್ಮ ಆಯಿ ಮನಿ ಐತ್ರಿ. ಅಲ್ಲಿ ಹೋಗೂದಕ್ಕೂ ಪ್ರವಾಸ ಅಂತಾರೇನ್ರಿ?’ ಎಂದು ಕೇಳಿದಳು. ಅನ್ನುತ್ತಾರೆ ಎಂದೆ.

38 ಮಕ್ಕಳಲ್ಲಿ 22 ಜನರ ಮನೆಯಿಂದ ಸಹಿ ಬಂದಿದೆ. ಉಳಿದ 16 ಮನೆಗಳಿಗೆ ಈ ವಾರ ನಾನೇ ಹೋಗಬೇಕು. ಅವ್ವ ಸಂಗಡ ಬರುತ್ತೇನೆಂದಿದ್ದಾಳೆ.